ಸೆನ್ಸರ್ ಕುಳಿತಿದ್ದ ಜಾಗ

ಪಂದ್ಯ ಆರಂಭವಾಗುವ ಹೊತ್ತಿಗೆ ಕಾರಿನ ಎಂಜಿನ್ ಕರಿಹೊಗೆ ಉಗುಳುತ್ತ ತಡವರಿಸಿತು. ಅದು ನಿಂತರೆ ಪಂದ್ಯವೇ ಕೈತಪ್ಪುತ್ತಿತ್ತು. ಪೆಟ್ರೋಲನ್ನು ಅಳೆದು ಬಿಡುವ ಕಂಪ್ಯೂಟರ್‌ಗೆ ದಿಕ್ಕು ತೋಚಲಿಲ್ಲ.

"ಸೂಪರ್‌ಚಾರ್ಜರ್ ಗಾಳಿಯನ್ನು ವಿಪರೀತ ನೂಕುತ್ತಿದೆ. ಪೆಟ್ರೋಲ್ ಸಾಲದು, ಸ್ವಾಮಿ, ಇನ್ನಷ್ಟು ಸುರಿಯಿರಿ!" ಎಂದಿತು, ಹೊಗೆಯಲ್ಲಿ ಉಳಿದ ಗಾಳಿಯನ್ನು ಮೂಸಿ ವರದಿ ಕೊಡುವ ಹೊಗೆಕೊಳವೆಯ ಸೆನ್ಸರ್.

ಕಂಪ್ಯೂಟರ್ ಸುರಿಯಿತು. ಎಂಜಿನ್ ಮತ್ತಷ್ಟು ಕೆಮ್ಮಿತು.

"ಪೆಟ್ರೋಲಿನಲ್ಲಿ ಮುಳುಗಿ ಸಾಯುತ್ತಿದ್ದೇನೆ, ಮಹಾರಾಯ! ನಂಬದಿದ್ದರೆ ನನ್ನ ಮುಖ ನೋಡು," ಎಂದು ಮಸಿ ಮೆತ್ತಿದ ಸ್ಪಾರ್ಕ್ ಪ್ಲಗ್ ಕೂಗಿತು.

ಸಾಲದೆನ್ನುವುದು ಒಂದು, ಮುಳುಗಿದೆನೆನ್ನುವುದು ಇನ್ನೊಂದು, ಯಾವುದನ್ನು ನಂಬುವುದು? ಗೊಂದಲಗೊಂಡ ಕಂಪ್ಯೂಟರ್ ಕೊನೆಗೆ ಸೆನ್ಸರನ್ನು ಕೇಳಿತು: "ನೀನು ಕುಳಿತಿರುವುದು ಎಲ್ಲಿ?"

"ಕೊಳವೆಯ ಬಿರುಕಿನ ಪಕ್ಕದಲ್ಲಿ, ಸ್ವಾಮಿ. ಹೊರಗಿನ ತಂಗಾಳಿ ಬಹಳ ಹಿತವಾಗಿದೆ."

"ಹಾಗಾದರೆ ನೀನು ಇಷ್ಟು ಹೊತ್ತು ಹೇಳಿದ್ದು ಬೀದಿಯ ಸುದ್ದಿ, ಮನೆಯದಲ್ಲ," ಎಂದ ಕಂಪ್ಯೂಟರ್ ಪೆಟ್ರೋಲನ್ನು ತಗ್ಗಿಸಿತು. ಕೆಮ್ಮು ನಿಂತು ಎಂಜಿನ್ ಗುಡುಗಿತು.