ನಾಲ್ಕು ಬೆರಳಿನ ಸಂದು

“ಅಜ್ಜಾ, ಎಷ್ಟು ಹೇರಿದರೂ ಬಾಗದಂಥ ಮನಸ್ಸನ್ನು ಪಡೆಯುವುದು ಹೇಗೆ?”

ಹೀಗೆ ಕೇಳಿದವನು ಚನ್ನವೀರ, ಒಂದು ಸಣ್ಣ ಮಠದಲ್ಲಿ ಹನ್ನೊಂದು ವರ್ಷದಿಂದ ಶಿಷ್ಯನಾಗಿದ್ದವನು. ಅಡುಗೆಮನೆ ಅವನದು, ದನದ ಕೊಟ್ಟಿಗೆ ಅವನದು, ಬಂದವರಿಗೆ ಚಾಪೆ ಹಾಸುವುದೂ ಅವನದೇ. “ಚನ್ನವೀರ, ಇದೊಂದು ನೋಡಿಬಿಡಪ್ಪ” ಎಂದು ಯಾರು ಕರೆದರೂ “ಆಗಲಿ” ಎನ್ನುತ್ತಿದ್ದ. ‘ಇಲ್ಲ’ ಎನ್ನುವುದಕ್ಕೆ ಅವನ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಆ ದಿನ ಬೆಳಿಗ್ಗೆ ಪಂಕ್ತಿಯಲ್ಲಿ ಎರಡನೆಯ ಸಲ ಸಾರು ಕೇಳಿದ ಮುದುಕಿಯೊಬ್ಬಳ ಮೇಲೆ ಅವನು ಸೌಟು ಎತ್ತಿಕೊಂಡು ಹರಿಹಾಯ್ದಿದ್ದ. ಮುದುಕಿ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋಗಿದ್ದಳು. ಆಗಿನಿಂದ ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತ್ತು.

ಗುರುಗಳಾದ ನಿರಂಜನಜ್ಜ ಜಗುಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಪ್ರಶ್ನೆ ಕೇಳಿ ನಕ್ಕರು.

“ಬಾಗಲೇಬಾರದು, ಅಲ್ಲವೇ? ಭಲೆ! ಕೂತುಕೊ. ನಿನ್ನಂಥವನೇ ಒಬ್ಬ ಗಾಡಿಯವನಿದ್ದ” ಎಂದು ಕತೆ ತೆಗೆದರು.

ಹೊಳೆಯ ಮಳಲಿನಲ್ಲಿ ಕಲ್ಲಂಗಡಿ ಬೆಳೆಯುವ ಒಂದೂರು. ಊರಿಗೆಲ್ಲ ಇದ್ದದ್ದು ಒಂದೇ ಪಿಕಪ್ ಗಾಡಿ. ಅದರ ಒಡೆಯನ ಹೆಸರು ಕಟ್ಟಿಕೊಂಡು ನಮಗೇನಾಗಬೇಕು, ಗಾಡಿಯವ ಎನ್ನೋಣ. ಒಳ್ಳೆಯವನು. ಬಹಳ ಒಳ್ಳೆಯವನು, ಅದೇ ಅವನಿಗಿದ್ದ ರೋಗ. ಹೊಲದಿಂದ ಸಂತೆಗೆ ಊರವರ ಕಾಯಿ ಸಾಗಿಸುವುದು ಅವನ ಕೆಲಸ. ಮನೆಯಲ್ಲಿ ಅವನು, ಅವನ ತಾಯಿ, ಇಬ್ಬರೇ.

ಅಂಥ ಗಾಡಿಯ ಹಿಂದಿನ ಅಚ್ಚಿನ ಮೇಲೆ, ಎರಡೂ ಪಕ್ಕಕ್ಕೆ, ಬಿಲ್ಲಿನ ಹಾಗೆ ಬಾಗಿಸಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಅದಕ್ಕೆ ಕಮಾನು ಎನ್ನುತ್ತಾರೆ. ಹೊರೆ ಬಿದ್ದಷ್ಟೂ ಕಮಾನು ತಗ್ಗುತ್ತದೆ, ಗಾಡಿಯ ಹಿಂಭಾಗ ಮೆಲ್ಲಗೆ ಕೆಳಗೆ ಕೂರುತ್ತದೆ. ಆ ಊರಿನಲ್ಲಿ ತೂಕದ ಯಂತ್ರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗಾಡಿಯವನ ತಾಯಿ ಇದ್ದಳಲ್ಲ! ಹೇರುವ ಹೊತ್ತಿಗೆ ಆಕೆ ಹಿಂದಿನ ಗಾಲಿಯ ಪಕ್ಕ ಮಂಡಿಯೂರಿ, ಟಯರಿಗೂ ಅದರ ಮೇಲಿನ ತಗಡಿಗೂ ನಡುವಿನ ಸಂದಿಯಲ್ಲಿ ಕೈಯಿಟ್ಟು ಅಳೆಯುತ್ತಿದ್ದಳು. ನಾಲ್ಕು ಬೆರಳು ಹಿಡಿಯುವಷ್ಟೇ ಸಂದು ಉಳಿದಾಗ “ಸಾಕು!” ಎಂದು ಕೂಗುತ್ತಿದ್ದಳು. ಆಮೇಲೆ ಒಂದು ಮಿಡಿಗಾಯಿಯನ್ನೂ ಹೇರುವಂತಿಲ್ಲ, ಅದು ಊರ ಗೌಡರ ಹೊಲದ್ದೇ ಆಗಿರಲಿ. ಉಳಿದವರ ಸರದಿ ಮರುದಿನ. ಯಾರೂ ಯಾರ ಮೇಲೂ ಮುನಿಯುತ್ತಿರಲಿಲ್ಲ. ಬೆರಳಿನ ಮೇಲೆ ಮುನಿದುಕೊಂಡು ಮಾಡುವುದಾದರೂ ಏನು?

ಗಾಡಿಯವನಿಗೆ ಮಾತ್ರ ಇದು ಸಹಿಸುತ್ತಿರಲಿಲ್ಲ. ಕಾಯಿ ಹೊತ್ತು ಬಂದವರು ಹಿಂದಿರುಗುವಾಗ ಅವರ ಮುಖ ನೋಡಲು ಅವನಿಂದ ಆಗುತ್ತಿರಲಿಲ್ಲ. ಸಾಲದ್ದಕ್ಕೆ ಸಂತೆಯ ಪಡ್ಡೆಗಳು, “ಬಂತು ನೋಡ್ರೋ, ಬಾಲ ಮುದುರಿಕೊಂಡ ನಾಯಿ” ಎಂದು ಅವನ ಗಾಡಿಯನ್ನು ಆಡಿಕೊಳ್ಳುತ್ತಿದ್ದರು. ಅದನ್ನೂ ನುಂಗಿಕೊಳ್ಳುತ್ತಿದ್ದನೋ ಏನೋ. ಆದರೆ ಅದೇ ಸಂತೆಯಲ್ಲಿ ಅವನು ಒಬ್ಬ ಹುಡುಗಿಯನ್ನು ಕಂಡಿದ್ದ. ಅವಳು ಕಲ್ಲಂಗಡಿಯನ್ನು ಕಣ್ಣಿನಿಂದ ಆರಿಸುವವಳಲ್ಲ. ತಟ್ಟಿ, ಕಿವಿಗೊಟ್ಟು ಕೇಳಿ, “ಇದು ಹಣ್ಣಾಗಿದೆ, ಇದು ಇನ್ನೂ ಆಗಬೇಕು” ಎನ್ನುವವಳು. ಅಷ್ಟು ಸಾಕಾಯಿತು, ಗಾಡಿಯವ ಬಿದ್ದೇ ಹೋದ. ಹಿರಿಯರು ಮಾತಾಡಿ ನಿಶ್ಚಯಕ್ಕೆ ದಿನ ಗೊತ್ತು ಮಾಡಿದರು. ಹುಡುಗಿಯ ಅಜ್ಜ ಗಡಿಯಾರಕ್ಕೆ ಹುಟ್ಟಿದಂಥ ಮನುಷ್ಯ.

“ಸೂರ್ಯ ನೆತ್ತಿಗೆ ಬರುವುದರೊಳಗೆ ನಮ್ಮ ಹೊಸ್ತಿಲು ತುಳಿದಿರಬೇಕು. ಹೊತ್ತು ಮೀರಿದರೆ ಇನ್ನೊಂದು ಕಡೆಯವರೂ ಕೇಳಿದ್ದಾರೆ” ಎಂದುಬಿಟ್ಟ.

ಬಾಲ ಮುದುರಿದ ಗಾಡಿಯಲ್ಲಿ ಹೆಣ್ಣಿನ ಮನೆಗೆ ಹೋಗುವುದೇ ಎಂದು ಗಾಡಿಯವ ಎದ್ದವನೇ ಪೇಟೆಗೆ ಹೋಗಿ, ಕಮಾನು ಕಟ್ಟುವ ಮೇಸ್ತ್ರಿಯ ಮುಂದೆ ಗಾಡಿ ನಿಲ್ಲಿಸಿದ.

“ಕಾಕಾ, ಇದರ ಬೆನ್ನು ಗಟ್ಟಿ ಮಾಡಿಕೊಡಬೇಕು. ಎಷ್ಟು ಹೇರಿದರೂ ಬಾಗಬಾರದು.”

ಮೇಸ್ತ್ರಿ ಗಾಡಿಯ ಅಡಿಗೆ ತೆವಳಿ, ಅಲ್ಲೊಂದು ಇಲ್ಲೊಂದು ಬಡಿದು ನೋಡಿ ಹೊರಗೆ ಬಂದ. “ಪಟ್ಟಿ ಸೇರಿಸಿಕೊಡುತ್ತೇನೆ, ಅದೇನು ದೊಡ್ಡದಲ್ಲ. ಆದರೆ ತಮ್ಮಾ, ಗಟ್ಟಿಯಾಗುವುದು ಕಮಾನು ಒಂದೇ. ಅಚ್ಚು ಹಳೆಯದು, ಗಾಲಿ ಹಳೆಯದು. ಅವು ಹೊರುವುದು ಮೊದಲು ಹೊರುತ್ತಿದ್ದಷ್ಟೇ. ನೆನಪಿರಲಿ.”

“ಅದನ್ನೆಲ್ಲ ಆಮೇಲೆ ನೋಡಿಕೊಳ್ಳೋಣ ಕಾಕಾ” ಎಂದ ಗಾಡಿಯವ. ಆಮೇಲೆ ಎನ್ನುವುದು ಎಷ್ಟು ಸಲೀಸಾದ ಮಾತು ನೋಡು.

ಮೇಸ್ತ್ರಿ ಹಳೆಯ ಕಟ್ಟು ಬಿಚ್ಚಿ, ಒಂದೊಂದು ಪಕ್ಕಕ್ಕೂ ಎರಡೆರಡು ದಪ್ಪ ಪಟ್ಟಿ ಸೇರಿಸಿ, ಉದ್ದದ ಬೋಲ್ಟು ಹಾಕಿ ಬಿಗಿದ. ಗಾಡಿಯ ಹಿಂಭಾಗ ಒಂದು ಗೇಣು ಮೇಲೆದ್ದಿತು. ಊರಿಗೆ ಬಂದಾಗ ಜನ ಸುತ್ತ ಕೂಡಿದರು. “ಗಾಡಿಯಲ್ಲಪ್ಪಾ ಇದು, ಮದುಮಗ!” ಎಂದರು. ಹೆಂಗಸರು ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಗಾಡಿಯವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಿಶ್ಚಯದ ದಿನ ಬಂತು. ಬೆಳಗಾಗುತ್ತಲೇ ಊರು ಗಾಡಿಯ ಮುಂದೆ ನೆರೆಯಿತು. ಇಷ್ಟು ವರ್ಷ ತಮ್ಮ ಕಾಯಿ ಹೊತ್ತವನಿಗೆ ಹೆಣ್ಣು ಗೊತ್ತಾಗುತ್ತಿದೆ, ಬರಿಗೈಯಲ್ಲಿ ಕಳಿಸುವುದುಂಟೇ? ಒಬ್ಬ ಹತ್ತು ಕಲ್ಲಂಗಡಿ ತಂದ. ಇನ್ನೊಬ್ಬ, ಅವನದು ಹತ್ತಾದರೆ ನನ್ನದು ಇಪ್ಪತ್ತು ಎಂದ. ಜೋಳದ ಚೀಲ ಬಂತು, ಬೆಲ್ಲದ ಪೆಂಟೆ ಬಂತು, ಒಂದು ಹಿತ್ತಾಳೆಯ ಹಂಡೆ ಬಂತು. ಒಬ್ಬ ಮುದುಕನಂತೂ ತೊಟ್ಟಿಲನ್ನೇ ಹೊತ್ತು ತಂದ. “ಇನ್ನೂ ನಿಶ್ಚಯ ಆಗಬೇಕು ಮಾರಾಯಾ!” ಎಂದು ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. “ಇವತ್ತಲ್ಲ ನಾಳೆ ಬೇಕಾಗುವುದೇ, ಹೇರಿ” ಎಂದ ಮುದುಕ. ಪ್ರತಿಯೊಬ್ಬರ ಬಾಯಲ್ಲೂ ಒಂದೇ ಮಾತು, “ನಂದು ಇಷ್ಟೇ ಇಷ್ಟು.” ನಿಜ, ಇಷ್ಟೇ ಇಷ್ಟು. ಹನಿ ಹನಿ ಕೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ತಾಯಿ ರೂಢಿಯಂತೆ ಮಂಡಿಯೂರಿ ಸಂದಿಗೆ ಕೈ ಹಾಕಿದಳು. ನಾಲ್ಕು ಬೆರಳೇನು, ಗೇಣಿಟ್ಟರೂ ಜಾಗ ಉಳಿಯುತ್ತಿತ್ತು.

“ಅಯ್ಯಯ್ಯೋ, ಗಾಡಿ ಜಗ್ಗಿಯೇ ಇಲ್ಲ! ಹೇರಿ, ಹೇರಿ!” ಎಂದಳು. ಮಗನ ನಿಶ್ಚಯದ ದಿನ ಸಾಕು ಎನ್ನಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಹಿಂದೆಲ್ಲ ಬೆರಳು ಹೇಳುತ್ತಿತ್ತು, ಆಕೆ ಕೂಗುತ್ತಿದ್ದಳು. ಈಗ ಬೆರಳು ಸುಮ್ಮನಿತ್ತು, ಆಕೆಯೂ ಸುಮ್ಮನಾದಳು. ಸಾಮಾನಿನ ಮೇಲೆ ಜನ ಹತ್ತಿದರು. ಜನರ ತೊಡೆಯ ಮೇಲೆ ಮತ್ತಷ್ಟು ಜನ ಕೂತರು. ಹಾಡು ಹೇಳುತ್ತ ಹೊರಟರು.

ದಾರಿಯುದ್ದಕ್ಕೂ ಗಾಡಿ ನೆಟ್ಟಗೇ ಇತ್ತು. ನೋಡಿದವರು, ಎಂಥ ಬಲವಪ್ಪಾ ಎಂದು ಬಾಯಿಯ ಮೇಲೆ ಬೆರಳಿಟ್ಟರು. ಒಳಗಿನ ಸಂಗತಿ ಗೊತ್ತಿದ್ದದ್ದು ಗಾಡಿಯವನೊಬ್ಬನಿಗೆ. ಸ್ಟೇರಿಂಗು ಕೈಯಲ್ಲಿ ತೇಲುತ್ತಿತ್ತು. ಅಡಿಯಿಂದ, ಹಲ್ಲು ಕಡಿದ ಹಾಗೆ ಒಂದು ಸದ್ದು ಬರುತ್ತಿತ್ತು. ಗಾಡಿ ನಿಲ್ಲಿಸಿ ಹತ್ತು ಜನರನ್ನು ಇಳಿಸೋಣವೇ ಎಂದುಕೊಂಡ. ಹಿಂದೆ ಎಲ್ಲರೂ ಹಾಡುತ್ತಿದ್ದರು. ಯಾರನ್ನು ಇಳಿ ಎನ್ನುವುದು? ನಾಲಿಗೆ ಏಳಲಿಲ್ಲ, ಸುಮ್ಮನೆ ಓಡಿಸಿದ.

ಹುಡುಗಿಯ ಊರು ಒಂದು ದಿಬ್ಬದ ಮೇಲಿತ್ತು. ದಿಬ್ಬದ ಅರ್ಧಕ್ಕೆ ಬಂದಾಗ ಖಡಲ್ ಎಂದಿತು. ಅಚ್ಚು ಮುರಿದು, ಒಂದು ಗಾಲಿ ವಾಲಿ, ಗಾಡಿ ಒಂದು ಮಗ್ಗುಲಿಗೆ ಕುಸಿದು ಕೂತಿತು. ಹಿಂದಿನ ಬಾಗಿಲು ಕಳಚಿಕೊಂಡಿತು. ಜನ ದಬದಬನೆ ಹಾರಿಕೊಂಡರು. ಶಿವನ ದಯೆ, ಒಬ್ಬರಿಗೂ ಒಂದು ಗೀರು ಬೀಳಲಿಲ್ಲ. ಕಲ್ಲಂಗಡಿಗಳು ಮಾತ್ರ ಶಾಲೆ ಬಿಟ್ಟ ಮಕ್ಕಳ ಹಾಗೆ ಇಳಿಜಾರಿನಲ್ಲಿ ಓಡಿದವು.

ತಾಯಿ ಬಗ್ಗಿ ಗಾಡಿಯ ಅಡಿ ನೋಡಿದಳು. ಅಚ್ಚು ಎರಡು ತುಂಡು. ಅದರ ಮೇಲಿನ ಕಮಾನು ಮಾತ್ರ ಏನೂ ಆಗದವರ ಹಾಗೆ ಸೆಟೆದು ನಿಂತಿತ್ತು.

ಸೂರ್ಯ ನೆತ್ತಿಗೆ ಇನ್ನೇನು ಒಂದು ಮಾರು. ಗಾಡಿಯವ ನೆಲದ ಮೇಲೆ ಕೂತು ಗೊಳೋ ಎಂದು ಅತ್ತ. “ಹೋಯಿತಲ್ಲವ್ವಾ! ಗಾಡಿಯೂ ಹೋಯಿತು, ಹುಡುಗಿಯೂ ಹೋದಳು! ಈ ಸಾಮಾನನ್ನೆಲ್ಲ ನಾನೊಬ್ಬ ಹೇಗೆ ಸಾಗಿಸಲಿ?”

“ನೀನೊಬ್ಬನೇ ಸಾಗಿಸು ಎಂದವರು ಯಾರೋ?” ಎಂದಳು ತಾಯಿ. ಸೆರಗನ್ನು ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು, ಹಿತ್ತಾಳೆಯ ಹಂಡೆಯನ್ನು ಎತ್ತಿ ಹೊತ್ತು ನಡೆದೇಬಿಟ್ಟಳು.

ಆಮೇಲೆ ಜೋಳ ತಂದವನು ಚೀಲವನ್ನು ಹೆಗಲಿಗೇರಿಸಿದ. ಬೆಲ್ಲ ತಂದವನು ಪೆಂಟೆ ಎತ್ತಿದ. ಕಲ್ಲಂಗಡಿಯವರು ಓಡಿಹೋಗಿ ಒಡೆಯದೆ ಉಳಿದವನ್ನು ಆರಿಸಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ತೊಟ್ಟಿಲಿನ ಮುದುಕ ತೊಟ್ಟಿಲನ್ನು ಬೋರಲು ಹಾಕಿ ತಲೆಗೆ ಟೊಪ್ಪಿಗೆಯಾಗಿ ಮಾಡಿಕೊಂಡ. ಅವನನ್ನು ನೋಡಿ ಒಬ್ಬಳು ಕಿಸಕ್ಕನೆ ನಕ್ಕಳು. ನಗು ಸಾಲಿಗೆಲ್ಲ ಹಬ್ಬಿತು, ನಿಂತಿದ್ದ ಹಾಡು ಮತ್ತೆ ಶುರುವಾಯಿತು. ಗಾಡಿಯವ ಕಣ್ಣೊರೆಸಿಕೊಂಡು ಎದ್ದು, ಎರಡು ಕಾಯಿ ಎತ್ತಿಕೊಂಡು ತಾಯಿಯ ಹಿಂದೆ ನಡೆದ.

ಹುಡುಗಿಯ ಮನೆ ಮುಟ್ಟುವಾಗ ಸೂರ್ಯ ಪಡುವಣಕ್ಕೆ ವಾಲಿದ್ದ. ಅಜ್ಜ ಹೊಸ್ತಿಲಲ್ಲಿ ಕೈ ಕಟ್ಟಿ ನಿಂತಿದ್ದ.

“ಹೊತ್ತು ಮೀರಿತು” ಎಂದ. ಅಷ್ಟೇ ಮಾತು. ಗಾಡಿಯವ ನಡೆದದ್ದನ್ನೆಲ್ಲ ಒಂದೂ ಮುಚ್ಚಿಡದೆ ಹೇಳಿದ.

ಅಜ್ಜ ಅವನ ಹಿಂದಕ್ಕೆ ಕಣ್ಣು ಹಾಯಿಸಿದ. ದಿಬ್ಬದ ದಾರಿಯಲ್ಲಿ ಜನ ಇನ್ನೂ ಬರುತ್ತಲೇ ಇದ್ದರು. ಬೆವರು ಸುರಿಯುತ್ತಿದೆ, ತಲೆಯ ಮೇಲೆ ಹೊರೆ, ಬಾಯಲ್ಲಿ ಹಾಡು. ಕೊನೆಗೆ ಕಾಲು ಬಂದ ತೊಟ್ಟಿಲೊಂದು ಏರಿ ಬಂದದ್ದನ್ನು ಕಂಡು ಆ ಕಲ್ಲುಮುಖವೂ ಸಡಿಲಾಯಿತು.

“ಒಬ್ಬ ಹುಡುಗನಿಗಾಗಿ ಇಡೀ ಊರು ಬಿಸಿಲಲ್ಲಿ ದಿಬ್ಬ ಹತ್ತುತ್ತದೆ ಎಂದರೆ ಅವನಿಗಿಂತ ಒಳ್ಳೆಯ ಅಳಿಯನನ್ನು ನಾನೆಲ್ಲಿ ಹುಡುಕಲಿ? ಹೊತ್ತು ನಾಳೆಯೂ ಬರುತ್ತದೆ, ಇಂಥ ಬೀಗರು ಬರುವುದಿಲ್ಲ. ಬನ್ನಿ ಒಳಗೆ!” ಎಂದು ದಾರಿ ಬಿಟ್ಟ.

ಹುಡುಗಿ ಬಾಗಿಲ ಮರೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು. ಹಿರಿಯರು ಒಳಗೆ ಹೋಗುವಾಗ ಗಾಡಿಯವನನ್ನು ನಿಲ್ಲಿಸಿ, “ಹೇರಿದವರ ತಪ್ಪೇನಿದೆ? ಸಾಕು ಎಂದು ಹೇಳುತ್ತಿದ್ದ ಗಾಡಿಯ ಬಾಯಿಗೆ ಬೋಲ್ಟು ಬಿಗಿದವರು ನೀವು. ಆ ಪಟ್ಟಿ ಬಿಚ್ಚಿಸಿ. ಮದುವೆಯ ದಿನ ಅತ್ತೆಯವರು ಕೈಯಿಟ್ಟು ನೋಡಿ, ಜಾಗ ಇದೆ ಎಂದರೇ ನಾನು ಹತ್ತುವವಳು” ಎಂದಳು. ಗಾಡಿಯವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದ. ಅವತ್ತೇ ನಿಶ್ಚಯವಾಯಿತು. ಒಡೆದಿದ್ದ ಕಲ್ಲಂಗಡಿಗಳನ್ನೂ ಬುಟ್ಟಿಯಲ್ಲಿ ತರಿಸಿದರು. ಎರಡು ಊರಿನವರು ಅಂಗಳದಲ್ಲಿ ಕೂತು, ಮೊಣಕೈಯಿಂದ ರಸ ಸೋರುವಂತೆ ತಿಂದರು.

ನಿರಂಜನಜ್ಜ ಕತೆ ಮುಗಿಸಿ, ಸುಲಿದ ಶೇಂಗಾದಲ್ಲಿ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡರು. ಚನ್ನವೀರ ತೊಟ್ಟಿಲಿನ ಮುದುಕನನ್ನು ನೆನೆದು ಇನ್ನೂ ನಗುತ್ತಿದ್ದ. ಎಷ್ಟೋ ದಿನದ ಮೇಲೆ ಬಂದ ನಗು ಅದು. ನಗುನಗುತ್ತಲೇ ಅವನಿಗೆ ಒಂದು ಸಂದೇಹ ಹುಟ್ಟಿತು.

“ಅಲ್ಲ ಅಜ್ಜಾ, ಅಷ್ಟು ಬಿಸಿಲಿನಲ್ಲಿ ಹೊರೆ ಹೊತ್ತು ದಿಬ್ಬ ಹತ್ತಿದರಲ್ಲ, ಆ ಜನ ಗಾಡಿಯವನನ್ನು ಒಂದು ಮಾತೂ ಬೈಯಲಿಲ್ಲವೇ?”

“ಬೈಯಲಿಲ್ಲ. ತಮ್ಮ ತಮ್ಮ ಹೊರೆ ಅವರೂ ಹೊರಬಲ್ಲರು ಎಂದು ಅಚ್ಚು ಮುರಿದ ಮೇಲಾದರೂ ಅವನಿಗೆ ತಿಳಿಯಿತು. ನೀನು ‘ಸಾಕು’ ಎನ್ನುವುದಕ್ಕೆ ಏನು ಮುರಿಯಲಿ ಎಂದು ಕಾಯುತ್ತಿದ್ದೀಯೆ?”