ತಿರುಗಿದ ಚಕ್ರ, ತೆರೆಯದ ತೂಬು

"ಕೇಳ್ರಪ್ಪೋ ಕೇಳಿ, ಮಹಾರಾಣಿಯವರ ಅಪ್ಪಣೆ! ಮೂರು ಒಗಟು ಬಿಡಿಸಿದವರು ಬೇಡಿದ್ದನ್ನು ಒಯ್ಯಬಹುದು. ತಪ್ಪಿದವರ ತಲೆ ಹೋಗುತ್ತದೆ!" ಎಂದು ಡಂಗುರ ಸಾರಿದಾಗ ಕಣಿವೆಕೋಟೆಯಲ್ಲಿ ಇನ್ನೂ ಹೆಣ ಹೂಳಿ ಮುಗಿದಿರಲಿಲ್ಲ.

ಆ ರಾಜ್ಯದ ಕಚೇರಿ ಕೆಲಸವೆಲ್ಲ ಪರದೆಯ ಮೇಲೆ. ಗುಂಡಿ, ಚಕ್ರ, ಗಡಿಯಾರ ಇಂಥ ಸಿದ್ಧ ಬಿಲ್ಲೆಗಳನ್ನು ಬೆರಳಲ್ಲಿ ಎಳೆದು ಜೋಡಿಸಿ ಗುಮಾಸ್ತನೂ ಆ್ಯಪ್ ಕಟ್ಟಿಬಿಡುತ್ತಿದ್ದ. ಸಿದ್ಧ ಬಿಲ್ಲೆ ಒಗ್ಗದ ಕಡೆ ಹೊಸದನ್ನು ಮಾಡಿಕೊಡುವವನು ದುಗ್ಗಪ್ಪ. ಕೆರೆಯ ತೂಬು ತೆರೆಯುವ ಆ್ಯಪಿಗೆ ಚೆಂದದ ಚಕ್ರ ಮಾಡಿಕೊಟ್ಟವನೂ ಅವನೇ. ಈ ಸಲದ ಮಳೆಗೆ ಕೆರೆ ತುಂಬಿದಾಗ ತೂಬು ತೆರೆಯಲಿಲ್ಲ. ಏರಿ ಒಡೆದು ಕೆಳಗಿನ ಕೇರಿ ರಾಣಿಯ ಮಗಳ ಸಮೇತ ಕೊಚ್ಚಿಹೋಯಿತು. ಪರದೆಯ ಚಕ್ರ ತಿರುಗಿಸಿದ್ದೆ ಎಂದು ತೂಬುಗಾರ ಬೋರಯ್ಯ ಎಷ್ಟು ಆಣೆ ಹಾಕಿದರೂ ಸೆರೆಗೆ ತಳ್ಳಿದರು. ಆದರೂ ಮುದುಕನ ಆಣೆ ರಾಣಿಯನ್ನು ಕಾಡುತ್ತಿತ್ತು, ನಿಜ ಬಿಡಿಸಬಲ್ಲವರು ಸಿಗಲೆಂದೇ ಈ ಒಗಟುಗಳು.

ಮಂತ್ರಿಯ ಅಳಿಯ ಮೊದಲನೆಯದಕ್ಕೇ ಮುಗ್ಗರಿಸಿ ಸತ್ತ. ಆಮೇಲೆ ಹೋದವನು ದುಗ್ಗಪ್ಪ. ಬೋರಯ್ಯ ಅವನ ಅಪ್ಪ ಕಣ್ರೀ, ಬಿಡಿಸಿಕೊಳ್ಳದೆ ಇರುತ್ತಾನೆಯೇ? ಎರಡು ಬಿಡಿಸಿದ. ತೂಬೇಕೆ ತೆರೆಯಲಿಲ್ಲ ಎಂಬ ಮೂರನೆಯದಕ್ಕೆ, ಆ್ಯಪಿಗೂ ತೂಬಿಗೂ ನಡುವಿನ ತಂತಿ ತುಂಡಾಗಿತ್ತು ಅಂದ. ತಂತಿ ಸರಿಯಿದ್ದುದನ್ನು ರಾಣಿ ಆಗಲೇ ನೋಡಿಸಿದ್ದಳು, ಅವನ ತಲೆಯೂ ಹೋಯಿತು. ಅಯ್ಯೋ, ತಾನು ಮಾಡಿದ್ದರಲ್ಲೇ ತಪ್ಪಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲವಲ್ಲ!

ತಮ್ಮ ಓಬ, ಅಣ್ಣನ ಬಿಲ್ಲೆಗಳಿಗೆ ಬಣ್ಣ ಹಚ್ಚುತ್ತಿದ್ದವನು. ಅತ್ತು ಮುಗಿಸಿ ಆ ಚಕ್ರವನ್ನು ಬಿಚ್ಚಿ ನೋಡಿದ. ಎರಡು ಸಲ ತಿರುಗಿಸಿ ನೋಡಿದ. ಮರುದಿನ ಆಸ್ಥಾನಕ್ಕೆ ಹೋದ.

"ಪರರ ಮನೆಯಲ್ಲಿರುತ್ತದೆ, ಅವರು ಕೈಗಿತ್ತದ್ದನ್ನಷ್ಟೇ ಮುಟ್ಟುತ್ತದೆ, ಉಗ್ರಾಣಕ್ಕೆ ಕೈಹಾಕುವುದಿಲ್ಲ. ಏನದು?" ಎಂದಳು ರಾಣಿ.

ಒಳ್ಳೆಯ ಬಿಲ್ಲೆ, ಆ್ಯಪ್ ಕೊಟ್ಟದ್ದರಲ್ಲೇ ಕೆಲಸ ಮಾಡುತ್ತದೆ ಎಂದ ಓಬ.

"ಮನೆಯಿಂದ ತೆಗೆದುಹಾಕಿದರೂ ಒಳಗೆ ಓಡಾಡುತ್ತಾ ಮನೆಯವರ ಕಸುವು ಹೀರುವುದು ಯಾವುದು?"

ದೆವ್ವ ಎಂದು ಸಭೆಯಲ್ಲಿ ಗುಸುಗುಸು ಎದ್ದಿತು. ಓಬ ತಲೆಯಾಡಿಸಿದ. ತಾನು ಶುರುಮಾಡಿದ್ದನ್ನು ನಿಲ್ಲಿಸದೆ ಹೋದ ಬಿಲ್ಲೆ ಅದು, ಅದರ ಗಡಿಯಾರ ಒಳಗೆ ಬಡಿಯುತ್ತಲೇ ಇದ್ದು ಆ್ಯಪ್ ಬಳಲುತ್ತದೆ ಎಂದ.

"ಚಕ್ರ ತಿರುಗಿಸಿದೆ ಅನ್ನುತ್ತಾನೆ ಮುದುಕ. ಅಪ್ಪಣೆಯೇ ಬರಲಿಲ್ಲ ಅನ್ನುತ್ತದೆ ತೂಬು. ಎರಡೂ ನಿಜವಾದರೆ ಸುಳ್ಳು ಯಾರದು?"

ಓಬನಿಗೆ ಗೊತ್ತಿತ್ತು: ಹೇಳದಿದ್ದರೆ ಅಪ್ಪ ಉಳಿಯುವುದಿಲ್ಲ, ಹೇಳಿದರೆ ಸತ್ತ ಅಣ್ಣನ ಹೆಸರು ಮಣ್ಣುಪಾಲು.

"ಚಕ್ರದ್ದು, ತಾಯಿ. ತಿರುಗಿತು, 'ತೆರೆದಿದೆ' ಎಂದು ತನ್ನ ಮುಖದ ಮೇಲೆ ತೋರಿಸಿತು. ತಾನು ಬದಲಾದ ಸುದ್ದಿಯನ್ನು ಆ್ಯಪಿಗೆ ಮುಟ್ಟಿಸಲಿಲ್ಲ, ಅದಕ್ಕೇ ತೂಬಿಗೆ ಅಪ್ಪಣೆ ಹೋಗಲಿಲ್ಲ. ಮಾಡಿದವನು ಅದನ್ನು ಮರೆತಿದ್ದ."

"ಯಾರವನು?"

"ನಿನ್ನೆ ನೀವು ತಲೆ ತೆಗೆಸಿದಿರಲ್ಲ, ಅವನೇ. ನನ್ನಣ್ಣ."

ರಾಣಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಓಬ ಬೇಡಿದಂತೆ ಅವನ ಅಪ್ಪನನ್ನು ಬಿಡಿಸಿ, ಕೆರೆಯ ಅಧಿಕಾರವನ್ನೂ ಓಬನಿಗೇ ಕೊಟ್ಟಳು.

ಸೆರೆಯಿಂದ ಬಂದ ಬೋರಯ್ಯ ಮಗನ ತೋಳು ಹಿಡಿದು, ತನ್ನ ಮಾತನ್ನು ಕೊನೆಗೂ ನಂಬಿದರಾ, ದೊಡ್ಡವನು ಎಲ್ಲಿ ಎಂದು ಕೇಳಿದ. ಓಬ ಒಂದನ್ನೂ ಮುಚ್ಚಿಡದೆ ಹೇಳಿದ. ಮುದುಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ.

"ತಪ್ಪು ಅವನದು ಅಂತ ಮೊದಲೇ ಗೊತ್ತಿದ್ದಿದ್ದರೆ," ಎಂದ, "ನಾನು ತಿರುಗಿಸಲೇ ಇಲ್ಲ ಅಂತ ಹೇಳಿಬಿಡುತ್ತಿದ್ದೆ ಕಣೋ."