ಸಾಹುಕಾರರು ಬರೆದ ಹುಳುಕು

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಎರಡೆರಡು ಚೀಲ ಹೆಗಲ ಮೇಲಿಟ್ಟುಕೊಂಡೇ ನಿದ್ದೆ ತೆಗೆದ ಹಮಾಲ ನಾನು. ಅಂಥವನೂ ಆ ದಿನ ಒಂದು ಹಾಳೆಗೆ ಬೆವರಿದೆ.

ಗಿರಣಿಯ ಆಫೀಸು ನೋಡಿಕೊಳ್ಳುವ ಹುಲಿಗೆಮ್ಮ ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ಭಾರೀ ಅಂಕ ತೆಗೆದಿದ್ದಳು. ಅರ್ಜಿಯ ಜೊತೆ ಕೆಲಸ ಕೊಟ್ಟವರ ಪತ್ರವೊಂದು ಬೇಕಿತ್ತು. ಐದು ಗಂಟೆಗೆ ಗಡುವು. ಆಗಲೇ ನಾಲ್ಕಾಗಿತ್ತು.

"ನಿನ್ನ ಹೊಗಳಿ ಕಳಿಸಿಬಿಟ್ರ ಇಲ್ಲಿ ದುಡಿಯೋರು ಯಾರವ್ವಾ? ಒಂದಕ್ಷರಾನೂ ಬರಿಯಂಗಿಲ್ಲ," ಎಂದು ಗಿರಣಿ ಮಾಲೀಕ ವಿರೂಪಣ್ಣ ಸಾಹುಕಾರರು ಪೆನ್ನು ಜೇಬಿಗಿಟ್ಟರು. ಹುಡುಗಿಯ ಕಣ್ಣು ತುಂಬಿತು.

ನಾನು ಚೀಲ ಇಳಿಸಿದೆ. "ಹೊಗಳಬ್ಯಾಡ್ರಿ ಸಾಹುಕಾರ್ರ. ಆಕಿ ಹುಳುಕೆಲ್ಲಾ ಬರೀರಿ. ಸೀಟು ಹೆಂಗ ಸಿಗತೈತಿ ನೋಡೂಣು!"

ಅವರ ಮೀಸೆ ಅರಳಿತು. ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದರು: "ನನ್ನ ಸ್ವಂತ ತಮ್ಮ ತಂದ ಹಸಿ ಭತ್ತವನ್ನೂ ವಾಪಸ್ ಕಳಿಸುತ್ತಾಳೆ. ನಾನು ತಪ್ಪಿದರೆ ಗಿರಾಕಿಗಳ ಮುಂದೆಯೇ ತಿದ್ದುತ್ತಾಳೆ. ನನ್ನನ್ನು ಕೇಳದೆ ಹಮಾಲರಿಗೂ ಯಂತ್ರ ನಡೆಸಲು ಕಲಿಸಿದ್ದಾಳೆ. ನಾನು ಎರಡು ವಾರ ಊರಲ್ಲಿಲ್ಲದಾಗ ಗಿರಣಿಯನ್ನು ತಾನೇ ನಡೆಸಿದಳು. ಒಬ್ಬರೂ ನನ್ನನ್ನು ನೆನೆಯಲಿಲ್ಲ."

ಸಹಿ ಬಿತ್ತು, ಮೊಹರೂ ಬಿತ್ತು. ಹುಲಿಗೆಮ್ಮ ಮೊಬೈಲಿನಲ್ಲಿ ಪತ್ರದ ಫೋಟೊ ಹೊಡೆದು ಕಳಿಸಿದಾಗ ಐದಕ್ಕೆ ಎರಡೇ ನಿಮಿಷವಿತ್ತು.

ತಿಂಗಳ ಮೇಲೆ ಕಾಲೇಜಿನಿಂದ ಸಾಹುಕಾರರಿಗೇ ಫೋನು ಬಂತು. "ನಿಮ್ಮ ಪತ್ರ ಓದಿಯೇ ಆಕೆಗೆ ಸೀಟು ಕೊಟ್ಟೆವು. ಇಂಥ ಶಿಫಾರಸು ನಾವು ಕಂಡಿರಲಿಲ್ಲ."

ಸಾಹುಕಾರರು ನನ್ನತ್ತ ಕೆಂಗಣ್ಣು ಬೀರಿದರು. "ಏನು ಬರೆಸಿದ್ಯೋ ನನ್ನ ಕೈಲಿ?"

"ನನಗೇನು ಗೊತ್ರಿ? ನನಗ ಓದಾಕ ಬರತೈತೇನು?" ಎಂದು ಚೀಲ ಎತ್ತಿಕೊಂಡೆ.

ಅವತ್ತು ಎರಡಲ್ಲ, ಒಟ್ಟಿಗೆ ಮೂರು.